ಹೊರಗಿನಿಂದ ಹಾಕಿದ ಚಿಲಕ

ಕೊರೊನಾ ಕಳೆದು ರಸ್ತೆಗಳು ಮೊದಲಿನಂತಾದ ವರ್ಷ. ನಾನು ಹರಿಹರದಲ್ಲಿ ನನ್ನದೇ ಶೆಡ್ ನಡೆಸುತ್ತಿದ್ದೆ. ಲಾರಿ ಕಂಪನಿಯಿಂದ ಬರುವುದು ಎಂಜಿನ್, ಚಕ್ರ ಮತ್ತು ಅವನ್ನು ಹಿಡಿದಿಡುವ ಉಕ್ಕಿನ ಚೌಕಟ್ಟು ಮಾತ್ರ. ಅದಕ್ಕೆ ಚಾಸಿ ಎನ್ನುತ್ತೇವೆ. ಅದರ ಮೇಲೆ ಬಾಡಿ ಕಟ್ಟುವುದು ನಮ್ಮ ಕಸುಬು. ಭತ್ತ, ಮೆಕ್ಕೆಜೋಳ, ಇಟ್ಟಿಗೆ ಹೊರುವ ಬಾಡಿಗಳನ್ನು ಕಟ್ಟುತ್ತಲೇ ನನ್ನ ತಲೆ ಬೆಳ್ಳಗಾಗಿತ್ತು.

ಆಗ ದಾವಣಗೆರೆಯಿಂದ ಶಿವಾನಂದ ಮೇಷ್ಟ್ರು ಬಂದರು. ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿಕೊಡುತ್ತಿದ್ದವರು. ಕಾರಿನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದಿದ್ದರು. ಅವರಿಗೆ ಬೇಕಾಗಿದ್ದು ಆಫ್-ರೋಡ್ ಕ್ಯಾಂಪರ್ ವ್ಯಾನ್. ಡಾಂಬರಿಲ್ಲದ ಗುಡ್ಡದ ದಾರಿಯಲ್ಲೂ ಹೋಗಬೇಕು, ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವಂತಿರಬೇಕು.

“ನಿಮ್ಮ ಅಕ್ಕಾರೂ ಗಾಲಿಕುರ್ಚಿ ಮ್ಯಾಲೆ ಅದಾರಂತೆ. ಅದಕ್ಕೇ ನಿಮ್ಮ ಹತ್ರ ಬಂದೆ. ಅವರನ್ನ ಕೇಳಿ ಕಟ್ರಿ,” ಎಂದರು.

“ಎಲ್ಲಾ ಅಕ್ಕನ್ನ ಕೇಳೇ ಮಾಡ್ತೀನಿ ಸರ್,” ಎಂದೆ. ಕೇಳಲಿಲ್ಲ.

ಕೇಳಬೇಕು ಅನ್ನಿಸಲೂ ಇಲ್ಲ ಎಂಬುದು ನಿಜ. ಗಿರಿಜಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಪೋಲಿಯೊ ಆಗಿ ಎರಡೂ ಕಾಲು ಸೋತಿದ್ದವು. ಅವಳನ್ನು ಶಾಲೆಗೆ ಹೊತ್ತುಕೊಂಡು ಹೋಗುತ್ತಿದ್ದವನು ನಾನು. ಮೊದಲು ಬೆನ್ನ ಮೇಲೆ, ಆಮೇಲೆ ಬಾಡಿಗೆ ಸೈಕಲ್ಲಿನ ಕ್ಯಾರಿಯರ್ ಮೇಲೆ. ದಾರಿಯುದ್ದಕ್ಕೂ ಅವಳು ನನ್ನ ಕಿವಿಯ ಹತ್ತಿರ ಪಾಠ ಒಪ್ಪಿಸುತ್ತಿದ್ದಳು. ತುಂಗಭದ್ರೆಯ ಮೇಲಿನ ಗಾಳಿಗೆ ಅವಳ ಜಡೆ ನನ್ನ ಮುಖಕ್ಕೆ ಬಡಿಯುತ್ತಿತ್ತು. ಇಂದಿಗೂ ಹೊಳೆಗಾಳಿ ಬೀಸಿದರೆ ಆ ಜಡೆಯ ಹರಳೆಣ್ಣೆಯ ವಾಸನೆ ನೆನಪಾಗುತ್ತದೆ. ಇಷ್ಟು ವರ್ಷ ಹೊತ್ತವನಿಗೆ ಅವಳ ಬಗ್ಗೆ ಗೊತ್ತಿಲ್ಲದ್ದು ಏನಿದ್ದೀತು ಎಂಬ ಜಂಬ ನನ್ನದು.

ಗಾಡಿಯ ಕಷ್ಟ ಬೇರೆಯೇ ಇತ್ತು. ಕಲ್ಲುದಾರಿಗೆ ಗಾಡಿ ನೆಲದಿಂದ ಎತ್ತರವಿರಬೇಕು. ಗಾಲಿಕುರ್ಚಿ ಹತ್ತಬೇಕಾದರೆ ತಗ್ಗಿರಬೇಕು. ಫೋರ್ ವೀಲ್ ಡ್ರೈವ್ ಚಾಸಿ ತರಿಸಿ, ಸರಕಿನ ಲಾರಿಗೆ ಹಾಕುವಂಥ ಲಿಫ್ಟ್ ಅನ್ನು ಹಿಂದೆ ಕೂರಿಸಿದೆ. ಗುಂಡಿ ಒತ್ತಿದರೆ ಹಲಗೆ ನೆಲಕ್ಕಿಳಿದು ಕುರ್ಚಿಯನ್ನು ಮೇಲೆತ್ತುತ್ತದೆ. ಇಳಿಜಾರಿನಲ್ಲಿ ಕುರ್ಚಿ ಉರುಳದಂತೆ ನೆಲಕ್ಕೆ ಕೊಂಡಿ, ಹಾಸಿಗೆ, ಒಲೆ, ಮೂಲೆಯಲ್ಲಿ ಕಮೋಡು. ನನ್ನ ಜೊತೆಯ ವೆಲ್ಡರ್ ಜಾಫರ್ ಸುತ್ತ ಬಂದು ನೋಡಿ, “ಇದರಾಗೆ ಮದಿವಿ ಮಾಡಿ ಸಂಸಾರ ಹೂಡಬೋದು ನೋಡಣ್ಣ,” ಎಂದ.

ಮೇಷ್ಟ್ರಿಗೆ ಒಪ್ಪಿಸುವ ಮೊದಲು ಒಂದು ಮಧ್ಯಾಹ್ನ ಅಕ್ಕನನ್ನು ಕೂರಿಸಿಕೊಂಡು ನಾನೂ ಜಾಫರನೂ ಕೊಂಡಜ್ಜಿ ಕೆರೆಯ ಕಡೆ ಹೊರಟೆವು. ಪರೀಕ್ಷೆಗೆಂದಲ್ಲ, ಅವಳು ನೋಡಿ ಮೆಚ್ಚಲಿ ಎಂದು. ಕೆರೆಯ ಅಂಚಿನ ಎರೆಮಣ್ಣಿನಲ್ಲಿ ಹಿಂದಿನ ಚಕ್ರ ಹೂತಿತು. ಹಗುರ ಮಾಡಲು ಲಿಫ್ಟಿನಲ್ಲಿ ಅಕ್ಕನನ್ನು ಇಳಿಸೋಣವೆಂದರೆ ಕೆಳಗೆ ಬರೀ ಕೆಸರು. “ನೀನು ಒಳಗೇ ಇರಕ್ಕ, ಟ್ರ್ಯಾಕ್ಟರ್ ತರ್ತೀವಿ,” ಎಂದು ಹೇಳಿ ಹಿಂಬಾಗಿಲು ಮುಚ್ಚಿ ಚಿಲಕ ಹಾಕಿ ಹೊರಟೆ. ಲೋಡ್ ಇರುವ ಗಾಡಿಯ ಹಿಂಬಾಗಿಲನ್ನು ತೆರೆದಿಟ್ಟು ಯಾವ ಲಾರಿಯವನೂ ಹೋಗುವುದಿಲ್ಲ. ಕೈಗೆ ಬಂದ ಅಭ್ಯಾಸ.

ಊರಿನಲ್ಲಿ ಟ್ರ್ಯಾಕ್ಟರಿನವರು ಊಟಕ್ಕೆ ಕೂತಿದ್ದರು. ಅವರು ಏಳುವವರೆಗೆ ನಾವು ಚಹಾ ಕುಡಿದೆವು. ಗಾಡಿಯ ಬಗ್ಗೆ ಕೇಳಿದವರಿಗೆಲ್ಲ ನಾನು ಸಾವಕಾಶವಾಗಿ ವಿವರಿಸಿದೆ. ಅಕ್ಕ ಆರಾಮವಾಗಿದ್ದಾಳೆ ಎಂದೇ ತಿಳಿದಿದ್ದೆ.

ಬಂದು ಬಾಗಿಲು ತೆಗೆದೆ. ಒಳಗೆ ಬಾಣಲೆಯ ಕಾವು. ಅಕ್ಕ ಬೆವರಿನಲ್ಲಿ ತೊಯ್ದಿದ್ದಳು. ಸೀರೆಯೂ ಒದ್ದೆಯಾಗಿತ್ತು, ಅದು ಬೆವರಲ್ಲ. ಕಮೋಡು ಎರಡು ಮಾರು ದೂರದಲ್ಲಿತ್ತು. ನಾನು ಕುರ್ಚಿಯ ಅಗಲ ಅಳೆದಿದ್ದೆ, ಅದು ತಿರುಗುವುದಕ್ಕೆ ಜಾಗ ಬಿಟ್ಟಿರಲಿಲ್ಲ. ಚಿಲಕ ಹೊರಗೆ, ಲಿಫ್ಟಿನ ಗುಂಡಿ ಹೊರಗೆ, ಕಿಟಕಿ ಅವಳ ಕೈಗೆ ಸಿಗದಷ್ಟು ಮೇಲೆ. ಅವಳ ಫೋನು ಮುಂದಿನ ಕ್ಯಾಬಿನ್ನಿನಲ್ಲಿ ಚಾರ್ಜಿಗಿತ್ತು.

“ಜಾಫರ್‌ನ ಅತ್ಲಾಗೆ ಕಳ್ಸು,” ಎಂದಳು.

ಅವನು ಆಗಲೇ ಕೆರೆಯ ಕಡೆ ಮುಖ ಮಾಡಿ ದೂರ ನಡೆದಿದ್ದ.

“ಕೂಗಿ ಕೂಗಿ ಸಾಕಾತು. ನಾನೇನು ಮೆಕ್ಕೆಜೋಳದ ಚೀಲ ಏನೋ, ಬಾಗ್ಲಾಕಿ ಚಾ ಕುಡಿಯಾಕೆ ಹೋಗಾಕೆ?”

“ತಪ್ಪಾತಕ್ಕ.”

“ಇದೊಂದೇ ತಪ್ಪೇನು? ಏಳನೇತಿ ಫೇಲಾಗಿ ನೀನು ಶೆಡ್ ಸೇರಿದೆ. ಸೇರು, ನಾನು ಬ್ಯಾಡ ಅಂದ್ನ? ಮಾರನೇ ದಿನ ನಾನು ಚೀಲ ತಗಂಡು ಕಟ್ಟೆ ಮ್ಯಾಲೆ ಕುಂತಿದ್ದೆ. ನಾಳೆಯಿಂದ ನೀನು ಹೆಂಗೆ ಹೋಗ್ತಿ ಅಂತ ಒಂದು ಮಾತು ಕೇಳಿದ್ಯಾ?”

ಕೇಳಿರಲಿಲ್ಲ. ಆಗ ಅವಳು ಒಂಬತ್ತನೇ ತರಗತಿ, ಕ್ಲಾಸಿಗೆ ಮೊದಲಿಗಳು. ಅವಳ ಓದು ನನ್ನ ಓದಿನ ಜೊತೆಗೇ ನಿಂತಿತು. ಮುಂದೆ ಹೊಲಿಗೆ ಕಲಿತಳು. ಅಕ್ಕನನ್ನು ಹೊತ್ತ ಕತೆಯನ್ನು ನಾನು ಎಲ್ಲರಿಗೂ ಹೇಳುತ್ತಿದ್ದೆ. ಇಳಿಸಿಬಿಟ್ಟ ದಿನದ ಕತೆಯನ್ನು ಯಾರಿಗೂ ಹೇಳಿರಲಿಲ್ಲ.

ಮರುದಿನ ದಾವಣಗೆರೆಗೆ ಹೋಗಿ ಮೇಷ್ಟ್ರಿಗೆ ಇದ್ದದ್ದನ್ನು ಹೇಳಿದೆ. ಅಕ್ಕನನ್ನು ಕೇಳಿ ಮಾಡುತ್ತೇನೆಂದದ್ದು ಸುಳ್ಳಾಯಿತು, ಗಾಡಿ ಸರಿಯಿಲ್ಲ ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ. “ಹಂಗಾದ್ರೆ ಈಗ ಕೇಳ್ರಿ. ಗುಡ್ಡ ಎಲ್ಲೂ ಓಡಿ ಹೋಗಂಗಿಲ್ಲ,” ಎಂದರು.

ಅಕ್ಕ ಕೆಲವು ದಿನ ನನ್ನೊಡನೆ ಮಾತಾಡಲಿಲ್ಲ. ಕೊನೆಗೆ ಮೇಷ್ಟ್ರೇ ಫೋನು ಮಾಡಿ ಕರೆದ ಮೇಲೆ ಶೆಡ್ಡಿಗೆ ಬಂದಳು. ಇಬ್ಬರೂ ಬಾಡಿಯೊಳಗೆ ಕುರ್ಚಿ ತಿರುಗಿಸಿ ನೋಡಿದರು. ಚಕ್ರ ಸಿಕ್ಕಿಕೊಂಡ ಕಡೆಯೆಲ್ಲ ನಾನು ಸೀಮೆಸುಣ್ಣದಲ್ಲಿ ಗೀಟು ಹಾಕಿದೆ. ಕಲ್ಲುಗಳ ಮಾದರಿ ಇಡಲು ಮೇಷ್ಟ್ರಿಗೆ ದೊಡ್ಡ ಮೇಜು ಬೇಕಿತ್ತು.

“ಕಲ್ಲು ಹೊರಗೆ ಇರ್ಲಿ ಸರ್, ಮೊದ್ಲು ನೀವು ಒಳಗೆ ಹಿಡಿಸ್ಬೇಕಲ್ಲ,” ಎಂದಳು ಅಕ್ಕ.

ಮೇಜಿನ ಆಸೆ ಬಿಟ್ಟರು, ಕುರ್ಚಿ ಕಮೋಡಿನವರೆಗೂ ಹೋಗಿ ತಿರುಗಲು ಜಾಗವಾಯಿತು. ಬಾಗಿಲು ಒಳಗಿನಿಂದಲೂ ತೆರೆಯುವಂತಾಯಿತು, ಲಿಫ್ಟಿಗೆ ಒಳಗೊಂದು ಹೊರಗೊಂದು ಗುಂಡಿ ಬಂತು. ಕರೆಂಟು ಕೈಕೊಟ್ಟರೆ ಹಲಗೆ ಇಳಿಸಲು ಕೂತವರ ಕೈಗೆ ಸಿಗುವ ಹ್ಯಾಂಡಲ್ ಇಟ್ಟೆವು. ಕಿಟಕಿಗಳನ್ನು ಕೂತವರ ಕಣ್ಣಿನ ಮಟ್ಟಕ್ಕೆ ಇಳಿಸಿದೆವು.

ಮೊದಲ ಪ್ರವಾಸ ಸಂಡೂರಿನ ಗುಡ್ಡಗಳಿಗೆ. ಮೇಷ್ಟ್ರು ಮತ್ತು ಅವರ ಹೆಂಡತಿ ಅಕ್ಕನನ್ನೂ ಕರೆದರು. “ಎತ್ತಾಕೆ ಇಳಿಸಾಕೆ ನಾನೂ ಬರ್ಲೇನಕ್ಕ?” ಎಂದೆ. “ಎದಕ್ಕೆ?” ಎಂದಳು. ಕೋಪವಿರಲಿಲ್ಲ, ನಿಜಕ್ಕೂ ಕೇಳಿದಳು.

ಸಂಜೆ ತಡೆಯಲಾರದೆ ಫೋನು ಮಾಡಿದೆ.

“ಎಲ್ಲಿದೀಯಕ್ಕ?”

“ಗುಡ್ಡದ ಮ್ಯಾಲೆ. ಈ ಕೆಂಪು ಕಲ್ಲು ಹೆಂಗೆ ಆತು ಅಂತ ಮೇಷ್ಟ್ರು ಹೇಳ್ತಾ ಅದಾರೆ. ಪಾಠ ನಡದೈತೆ, ಇಡೋ ಫೋನು.”

ಇಟ್ಟೆ.

ಈಗ ಯಾರೇ ಇಂಥ ಗಾಡಿ ಬೇಕೆಂದು ಬಂದರೂ ಅಳತೆಯ ಟೇಪು ಹಿಡಿಯುವ ಮೊದಲು, ಅದರಲ್ಲಿ ಕೂಡುವವರನ್ನು ಕರೆದುಕೊಂಡು ಬನ್ನಿ ಎನ್ನುತ್ತೇನೆ. ತಪ್ಪು ಜೋಡಿಸಿದ ತಗಡನ್ನು ಕತ್ತರಿಸಿ ಮತ್ತೆ ಬೆಸೆಯಬಹುದು. ಅಕ್ಕ ಶಾಲೆಚೀಲ ಹಿಡಿದು ಕಟ್ಟೆಯ ಮೇಲೆ ಕೂತ ಆ ಬೆಳಿಗ್ಗೆಗೆ ನನ್ನ ಕಸುಬಿನಲ್ಲಿ ರಿಪೇರಿ ಇಲ್ಲ. ಕೇಳುವುದು ಎಷ್ಟು ಸಣ್ಣ ಕೆಲಸ ಎಂದು ಕಲಿಯಲು ನನಗೆ ತಲೆ ನರೆಯಬೇಕಾಯಿತು.