ಇಲ್ಲದ ಅಯಸ್ಕಾಂತ

ಪಾತ್ರೆ ಅಂಗಡಿಗೆ ಹೋಗುವಾಗ ನನ್ನ ಪರ್ಸಿನಲ್ಲಿ ಒಂದು ಪುಟ್ಟ ಅಯಸ್ಕಾಂತ ಇದ್ದೇ ಇರುತ್ತದೆ. ಒಳ್ಳೆಯ ಸ್ಟೀಲಿಗೆ ಅದು ಅಂಟುವುದಿಲ್ಲವೆಂಬುದು ನಮ್ಮ ರಾಯಚೂರಿನ ಗೃಹಿಣಿಯರ ಅಚಲ ಶ್ರದ್ಧೆ. ನನ್ನ ಕೈ ಪರ್ಸಿನತ್ತ ಸರಿದರೆ ಸಾಕು, ಅಂಗಡಿಯವನು, "ಬರ್ರಿ ಅಮ್ಮಾ, ಇನ್‌ಸ್ಪೆಕ್ಟರ್ ಬಂದ್ರು ನೋಡ್ರಿ" ಎಂದು ನಗುತ್ತಾನೆ.

ಬಹುಕಾಲ ನನ್ನ ಮ್ಯಾಗ್ನೆಟಿಸಂ ಜ್ಞಾನ ಇಷ್ಟೇ ಆಗಿತ್ತು. ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಸೂತಿ, ಪೊಯೆಟ್ರಿ, ಬೆನ್ನು ನೆಟ್ಟಗಿಟ್ಟು ಕೂರುವ ಕಲೆ ಎಲ್ಲವನ್ನೂ ಧಾರಾಳವಾಗಿ ಕಲಿಸಿದರು. ಸೈನ್ಸ್ ಪೀರಿಯಡ್ಡಿನಲ್ಲಿ ಮಾತ್ರ ಲಾಳದಾಕಾರದ ಅಯಸ್ಕಾಂತವೊಂದನ್ನು ಕೈಯಿಂದ ಕೈಗೆ ದಾಟಿಸಿ, ವಾಪಸು ಪಡೆದು, ಬೀರುವಿನೊಳಗಿಟ್ಟು ಬೀಗ ಹಾಕಿಬಿಟ್ಟರು. ಆ ಬೀಗವನ್ನು ನನ್ನ ಮುಪ್ಪಿನಲ್ಲಿ ತೆರೆದವಳು ತಮ್ಮನ ಮಗಳು ಸುನಂದಾ.

ಮಾನ್ವಿಯಲ್ಲಿ ರೈಸ್ ಮಿಲ್ ನಡೆಸುವ ಶರಣಪ್ಪನ ಈ ಮಗಳು, ದೇವದುರ್ಗದ ಕಾಲೇಜಿನಲ್ಲಿ ಕೆಲಕಾಲ ಪಾಠ ಹೇಳಿ, ಈಗ ನನ್ನ ಮನೆಯಲ್ಲಿದ್ದುಕೊಂಡು ರಾಯಚೂರಿನ ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಾಳೆ. ಕರೆಂಟನ್ನು ಹದವಾಗಿ ಹರಿಯಬಿಡುವ, ಜೊತೆಗೆ ತಾನೇ ಅಯಸ್ಕಾಂತವೂ ಆಗಿರುವ ಪದಾರ್ಥವೊಂದನ್ನು ಸೃಷ್ಟಿಸುವುದು ಅವಳ ಹಂಬಲ. ಅಂಥದ್ದು ಕೈಗೂಡಿದರೆ ಕಂಪ್ಯೂಟರಿನ ಲೆಕ್ಕವೂ ನೆನಪೂ ಒಂದೇ ಚಿಪ್‌ನಲ್ಲಿ ಸಂಸಾರ ಹೂಡಬಹುದಂತೆ. ಅದಕ್ಕಾಗಿ ಸತುವಿನ ಬಿಳಿ ಪುಡಿಗೆ ಚಿಟಿಕೆ ಕೋಬಾಲ್ಟ್ ಬೆರೆಸಿ, ಪುಟ್ಟ ಕಲ್ಲಿನ ಖಲ್ಲಿನಲ್ಲಿ ತಾಸುಗಟ್ಟಲೆ ಅರೆದು, ಗುಳಿಗೆ ಮಾಡಿ, ಕುಲುಮೆಯಲ್ಲಿ ಸುಡುತ್ತಾಳೆ.

"ಇಷ್ಟು ಓದಿದ್ರೂ ಅರಿಯೂದು ತಪ್ಪಲಿಲ್ಲಲ್ಲ ನಿನಗ" ಎಂದು ನಾನು ಕೆಣಕಿದರೆ, "ನಿಮ್ಮ ಚಟ್ನಿ ತಪ್ಪಾದ್ರ ಯಾರೂ ಪ್ರಶ್ನೆ ಕೇಳಂಗಿಲ್ಲ, ಅತ್ತಿ" ಎನ್ನುತ್ತಾಳೆ.

ಕಳೆದ ವರ್ಷ ಅವಳ ಗುಳಿಗೆಯೊಂದು ಕ್ಷೀಣವಾಗಿಯಾದರೂ ಅಯಸ್ಕಾಂತದ ಗುಣ ತೋರಿಸಿತು. ವಿಜ್ಞಾನದ ಜರ್ನಲ್ಲೊಂದರಲ್ಲಿ ಅವಳ ಪೇಪರ್ ಅಚ್ಚಾಯಿತು. ಶರಣಪ್ಪನ ಸಂಭ್ರಮಕ್ಕೆ ಬ್ರೇಕೇ ಇರಲಿಲ್ಲ. 'ಹೊಸ ಅಯಸ್ಕಾಂತ ಕಂಡುಹಿಡಿದ ಮಾನ್ವಿಯ ಮಗಳು' ಎಂದು ಬಸ್ ಸ್ಟ್ಯಾಂಡಿನೆದುರು ಬ್ಯಾನರ್ ಏರಿತು. ಕಲ್ಲೂರು, ಬಾಗಲವಾಡದ ಬಂಧುಬಳಗಕ್ಕೆಲ್ಲ ಸನ್ಮಾನದ ಕರೆ ಹೋಯಿತು. ನಾನೇನು ಕಡಿಮೆಯೇ? ವಾಕಿಂಗಿನಲ್ಲಿ ಎದುರಾದವರನ್ನೆಲ್ಲ ನಿಲ್ಲಿಸಿ ನಿಲ್ಲಿಸಿ ಹೇಳಿದೆ.

ಸಮಾರಂಭ ಹತ್ತಿರ ಬಂದಾಗ ಹುಡುಗಿ ಊಟ ಬಿಟ್ಟಳು. ಅರೆದ ಪುಡಿಯನ್ನು ಖಲ್ಲಿನಿಂದ ಕೆರೆದು ತೆಗೆಯುತ್ತಿದ್ದ ಸ್ಟೀಲ್ ಚಮಚದ ಮೇಲೆ ಅವಳಿಗೆ ಗುಮಾನಿ ಹುಟ್ಟಿತ್ತು. ಕಣ್ಣಿಗೆ ಕಾಣದಷ್ಟು ಕಬ್ಬಿಣ ಅದರ ಅಂಚಿನಿಂದ ಸವೆದು ಪುಡಿಯೊಳಗೆ ಸೇರಿದ್ದರೆ? ಪ್ಲಾಸ್ಟಿಕ್ ಚಮಚ ಹಿಡಿದು ಎಲ್ಲವನ್ನೂ ಮೊದಲಿಂದ ಮಾಡಿದಳು. ಜಪ್ಪಯ್ಯ ಎಂದರೂ ಗುಳಿಗೆ ಅಯಸ್ಕಾಂತದ ಗುಣ ತೋರಿಸಲಿಲ್ಲ. ಮತ್ತೊಮ್ಮೆ ಮಾಡಿದಳು. ಊಹೂಂ.

"ಅತ್ತಿ, ನಾ ನೋಡಿದ್ದು ಚಮಚದ ಕಬ್ಬಿಣರಿ" ಎಂದವಳೇ, ಪೇಪರನ್ನು ಹಿಂತೆಗೆದುಕೊಳ್ಳುವುದಾಗಿ ಜರ್ನಲ್ಲಿಗೆ ಬರೆದಳು. ಸಂಶೋಧಕರ ಲೋಕದಲ್ಲಿ ಇದು ತನ್ನ ಕಿರೀಟವನ್ನು ತಾನೇ ಕಳಚಿಡುವ ಕೆಲಸ. ಮುಂದಿನ ನೌಕರಿ, ಪ್ರಮೋಷನ್ನು, ಹೆಸರು, ಎಲ್ಲವೂ ಆ ಪೇಪರಿನ ಮೇಲೆಯೇ ನಿಂತಿತ್ತು.

ಅಪ್ಪನಿಗೆ ಹೇಳುವುದು ಇನ್ನೂ ಕಠಿಣವಾಯಿತು. ಫೋನಿನಲ್ಲಿ ಶರಣಪ್ಪ ಅಂಗಲಾಚಿದ: "ಯವ್ವಾ, ಮಂದಿ ಎಲ್ಲಾ ಬರಾಕತ್ತಾರ. ಅವತ್ತೊಂದಿನ ಸುಮ್ಮನಿರು, ಆಮ್ಯಾಲ ಹೇಳುವಂತಿ."

"ನನ್ನ ಪೇಪರ್ ನಂಬಿ ಇನ್ನೊಬ್ಬಾಕಿ ವರ್ಷಗಟ್ಟಲೆ ಅರಕೋತ ಕುಂತ್ರ, ಆಕಿ ಕೈನೋವಿಗೆ ಯಾರು ಜವಾಬ್ದಾರ್ರು ಯಪ್ಪಾ?"

ಶರಣಪ್ಪ ಫೋನಿಟ್ಟ. ಸಮಾರಂಭ ಮಾತ್ರ ನಿಲ್ಲಲಿಲ್ಲ.

ಮಾನ್ವಿಯ ಸಭಾಭವನದಲ್ಲಿ, ಹಾರತುರಾಯಿಗಳ ನಡುವೆ ಸುನಂದಾ ಮೈಕ್ ಹಿಡಿದು ಇದ್ದದ್ದನ್ನು ಇದ್ದಂತೆ ಹೇಳಿದಳು. ಶಾಲು ಹಿಡಿದು ನಿಂತ ಶರಣಪ್ಪ ನೆಲ ನೋಡುತ್ತಿದ್ದ. ಆಗ ಮುಂದಿನ ಸಾಲಿನಿಂದ ಅವನ ಬಾಲ್ಯದ ಗೆಳೆಯ, ಬಟ್ಟೆ ವ್ಯಾಪಾರಿ ಗೌಸ್ ಸಾಹೇಬರು ಎದ್ದರು.

"ಬೇಟಿ, ಈ ತಪ್ಪು ಹಿಡದವರು ಯಾರು? ಫಾರಿನ್ನಿನೋರಾ?"

"ಇಲ್ರಿ ಚಾಚಾ, ನಾನ ಹಿಡದೆ."

"ನೀ ಹೇಳದಿದ್ರ ಯಾರಿಗಾರ ಗೊತ್ತಾಗ್ತಿತ್ತೇನು?"

"ಸದ್ಯಕ್ಕ ಯಾರಿಗೂ ಇಲ್ರಿ."

"ಮತ್ತೇನ್ ನೋಡಾಕತ್ತೀಯೋ ಶರಣ್ಯಾ? ಹೊದಸು ಶಾಲು!"

ಲೇಡಿಯಾದವಳು ಸಭೆಯಲ್ಲಿ ಮೊದಲು ಚಪ್ಪಾಳೆ ತಟ್ಟಬಾರದೆಂದು ಸಿಸ್ಟರುಗಳು ತಾಕೀತು ಮಾಡಿದ್ದರು. ಅಂದು ಮೊದಲು ತಟ್ಟಿದವಳು ನಾನೇ; ಕೆಲವು ಕ್ಷಣ ಒಬ್ಬಳೇ ತಟ್ಟಿದೆ, ಅಂಗೈ ಉರಿಯುವಷ್ಟು. ಅವಳ ಪೇಪರ್ ಅಚ್ಚಾದ ದಿನವೂ ನನ್ನ ಎದೆ ಇಷ್ಟು ಉಬ್ಬಿರಲಿಲ್ಲ, ಬಿಲೀವ್ ಮಿ.

ಊಟದ ಪಂಕ್ತಿಯಲ್ಲಿ ಶರಣಪ್ಪ ಮಗಳ ಎದುರು ಬಂದು ನಿಂತ. ಮುಖ ಇನ್ನೂ ಬಿಗಿದುಕೊಂಡೇ ಇತ್ತು.

"ಈಗೇನ್ ಮಾಡ್ತಿ?"

"ನಾಳಿ ಮತ್ತ ಅರೀತೀನಿ ಯಪ್ಪಾ."

ಅವನು ಬಡಿಸುವವನತ್ತ ತಿರುಗಿ ಇಡೀ ಪಂಕ್ತಿಗೆ ಕೇಳುವಂತೆ ಕೂಗಿದ: "ಲೇ, ನಮ್ಮ ಯವ್ವಗ ಇನ್ನೊಂದು ಹೋಳಿಗಿ ಹಾಕಲೇ, ತುಪ್ಪ ಕೈಬಿಚ್ಚಿ ಹಾಕು! ನಾಳಿ ಆಕಿಗೆ ಭಾಳ ಅರಿಯೂದದ!"