ಮುಯ್ಯಾಳಾಗಿ ಬಂದ ಸೊಸೆ

ನನ್ನನ್ನು ನೋಡಲು ಬಂದ ಗಂಡಿಗೆ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸ. ನಮ್ಮ ತೂಬಗೆರೆ ಕಡೆ ಅಲ್ಲಿಯವರೆಗೆ ಗಂಡು ಎಂದರೆ ಹೊಲ ಎಷ್ಟು, ಬಾವಿಯಲ್ಲಿ ನೀರು ಹೇಗೆ, ಎತ್ತು ಎಂಥವು ಎಂದು ವಿಚಾರಿಸುತ್ತಿದ್ದರು. ಎಪ್ಪತ್ತರ ದಶಕ ಶುರುವಾಗುವ ಹೊತ್ತಿಗೆ ಅದೆಲ್ಲ ಹಿಂದೆ ಸರಿದು, ಹುಡುಗ ಪ್ಯಾಂಟು ಹಾಕುತ್ತಾನಾ, ತಿಂಗಳ ಸಂಬಳ ಬರುತ್ತಾ ಅನ್ನುವುದೇ ದೊಡ್ಡ ಮಾತಾಗಿತ್ತು. ನನ್ನ ಅಜ್ಜಿಗೆ ಮಾತ್ರ ಸಮಾಧಾನವಿರಲಿಲ್ಲ. "ಕಾರ್ಖಾನೆ ಅಂದ್ರೆ ಅಲ್ಲೇನು ಬೆಳೀತಾರೆ?" ಎಂದು ಕೇಳಿದಳು. ಏನೂ ಬೆಳೆಯುವುದಿಲ್ಲ, ಯಂತ್ರದ ಬಿಡಿಭಾಗ ಮಾಡುತ್ತಾರೆ ಎಂದಾಗ, "ಹಂಗಾರೆ ಉಣ್ಣಾಕೆ?" ಎಂದಳು. 

ಅಪ್ಪನಿಗಿದ್ದದ್ದು ಒಂದೇ ಆಸೆ. ಮಗಳು ಇನ್ನು ಕುಡುಗೋಲು ಮುಟ್ಟಬಾರದು, ಬೆಂಗಳೂರಲ್ಲಿ ಮನೆ ಮಾಡಿಕೊಂಡು ನಲ್ಲಿ ತಿರುಗಿಸಿದರೆ ನೀರು ಬರಬೇಕು. ಆದರೆ ಅವನಿಗೆ ಜಂಬ ಕೊಚ್ಚುವ ಚಟವೊಂದಿತ್ತು. ಹೆಣ್ಣು ನೋಡುವ ಶಾಸ್ತ್ರದ ದಿನ ಗಂಡಿನ ತಾಯಿ ಉಪ್ಪಿಟ್ಟು ತಿನ್ನುತ್ತಾ, "ಹುಡುಗಿಗೆ ರಾಗಿ ಕೊಯ್ಯಾಕೆ ಬತ್ತದಾ?" ಎಂದು ಮೆಲ್ಲಗೆ ಕೇಳಿದರು. ಬುದ್ಧಿ ನೆಟ್ಟಗಿದ್ದವನು ಇಲ್ಲ ಅನ್ನಬೇಕಿತ್ತು. ಅಪ್ಪ ಎದೆ ಉಬ್ಬಿಸಿಕೊಂಡು, "ಏನ್ ಹಂಗ್ ಕೇಳ್ತೀರವ್ವ? ಎರಡಾಳಿನ ಕೆಲಸ ಒಬ್ಬಳೇ ಮಾಡ್ತಾಳೆ ನನ್ ಮಗಳು. ಅವಳ ಸಾಲಲ್ಲಿ ಒಂದ್ ತೆನೆ ಉಳಿದಿದ್ರೆ ನನ್ನ ಕೇಳಿ!" ಅಂದುಬಿಟ್ಟ. ಆಕೆ ತಟ್ಟೆ ಕೆಳಗಿಟ್ಟು, ತಾಂಬೂಲ ಈಗಲೇ ಬದಲಾಯಿಸೋಣ ಎಂದರು. ಜಾತಕವನ್ನೂ ಕೇಳಲಿಲ್ಲ. ತನ್ನ ಮಾತಿನ ಜೋರಿನಿಂದಲೇ ಸಂಬಂಧ ಕುದುರಿತೆಂದು ಅಪ್ಪ ಊರೆಲ್ಲ ಹೇಳಿಕೊಂಡು ಬಂದ. ಅದು ನಿಜವೂ ಆಗಿತ್ತು.

ಮದುವೆ ವೈಶಾಖದಲ್ಲಾಯಿತು. ಆಷಾಢ ತವರಲ್ಲಿ ಕಳೆದು ನೆಲಮಂಗಲದ ಹತ್ತಿರದ ಗಂಡನ ಹಳ್ಳಿಗೆ ಬಂದೆ. ಒಂದು ಬೆಳಿಗ್ಗೆ ಅತ್ತೆ ನನ್ನ ರೇಷ್ಮೆ ರವಿಕೆ ನೋಡಿ, ಬೇರೆ ಹಾಕಿಕೋ ಎಂದರು. ದೇವಸ್ಥಾನಕ್ಕೇನೋ ಎಂದುಕೊಂಡೆ. "ಪಕ್ಕದ ಮನೆಯೋರ ಹೊಲದಲ್ಲಿ ಕಳೆ ಕೀಳಾಕೈತೆ. ನಮ್ದು ಮುಯ್ಯಿ ಉಳಕೊಂಡೈತೆ ಕಣವ್ವ, ಹೋಗಿ ತೀರಿಸ್ಬಿಟ್ಟು ಬಾ," ಎಂದರು.

ಮುಯ್ಯಿ ನನಗೆ ಹೊಸದೇನಲ್ಲ. ನಿನ್ನ ಹೊಲಕ್ಕೆ ನಾನೊಂದು ದಿನ ಬಂದರೆ ನನ್ನ ಹೊಲಕ್ಕೆ ನೀನೊಂದು ದಿನ ಬರಬೇಕು. ಕೂಲಿ ಇಲ್ಲ, ಮಧ್ಯಾಹ್ನದ ಮುದ್ದೆ ಸಾರು ಹೊಲದವರದು. ಹಾಗೆ ಬರುವವರೇ ಮುಯ್ಯಾಳುಗಳು. ಮಗ ಕೋಳಿ ಕೂಗುವ ಹೊತ್ತಿಗೆ ಬಸ್ಸು ಹತ್ತಿ ಕಾರ್ಖಾನೆಗೆ ಹೋಗತೊಡಗಿದ ಮೇಲೆ ಅತ್ತೆಯೊಬ್ಬರನ್ನು ಬಿಟ್ಟರೆ ಈ ಮನೆಯಲ್ಲಿ ಮುಯ್ಯಿ ತೀರಿಸಲು ಆಳಿರಲಿಲ್ಲ. ಅದಕ್ಕೇ ಎರಡಾಳಿನ ಸೊಸೆಯನ್ನು ಹುಡುಕಿಕೊಂಡು ತೂಬಗೆರೆಯವರೆಗೆ ಬಂದಿದ್ದರು. ಹೊಲದ ಕೆಲಸ ತಪ್ಪಲೆಂದು ಅಪ್ಪ ನೌಕರಿಯ ಗಂಡು ಹುಡುಕಿದ್ದ. ಗಂಡಿಗೆ ನೌಕರಿ ಇದ್ದದ್ದರಿಂದಲೇ ಅವನ ಪಾಲಿನ ಹೊಲದ ಕೆಲಸವೂ ನನ್ನ ತಲೆಗೆ ಬಂತು. ಅಂದು ಕಳೆ ಕೀಳುತ್ತಾ ಅಪ್ಪನನ್ನು ಬಾಯ್ತುಂಬ ಬೈದೆ.

"ಮುಯ್ಯಿ ಎಲ್ಲ ತೀರ್ಲಿ, ಬೆಂಗಳೂರಲ್ಲಿ ಮನೆ ಮಾಡ್ಬಿಡೋಣ," ಎಂದರು ನಮ್ಮ ಯಜಮಾನರು. ಅದನ್ನು ನಂಬಿ ಕೊಯ್ಲಿನಲ್ಲಿ ಮೈಮೇಲೆ ದೇವರು ಬಂದವಳ ಹಾಗೆ ದುಡಿದೆ. ಊರಿನ ಹೊಲವೆಲ್ಲ ಮುಗಿದು ಇನ್ನೇನು ಯಾರ ಹಂಗೂ ಇಲ್ಲ ಅನ್ನುವಾಗ ನಮ್ಮ ಹೊಲದ ಸರದಿ ಬಂತು. ಅತ್ತೆ ಮನೆಮನೆಗೆ ಹೋಗಿ ಎಲ್ಲರನ್ನೂ ಕರೆದು ಬಂದರು. ಎಲ್ಲರೂ ಬಂದರು, ಕೊಯ್ದರು, ಉಂಡರು, ಹೋದರು. ನಮ್ಮ ಮೇಲೆ ಹೊಸ ಮುಯ್ಯಿ ಬೆಟ್ಟದಷ್ಟು ಕೂತಿತು. ಕೆಲಸ ಒಂದು ಸುತ್ತು ಮುಗಿದರೆ ಇನ್ನೊಂದು ಸುತ್ತು ಶುರುವಾಗುತ್ತಿತ್ತು.

ನನ್ನ ಕಷ್ಟ ನೋಡಲಾರದೆ ಯಜಮಾನರು ಒಂದು ಭಾನುವಾರ ತಾವೇ ಮುಯ್ಯಿಗೆ ಹೊರಟರು. ಹೊಲದಲ್ಲಿ ಊಟ ಕೊಡುತ್ತಾರೆಂದು ಗೊತ್ತಿದ್ದರೂ ಅಭ್ಯಾಸಬಲದಿಂದ ಟಿಫನ್ ಕ್ಯಾರಿಯರ್ ಹಿಡಿದಿದ್ದರು. ಮಧ್ಯೆ ಮಧ್ಯೆ ನೆಟ್ಟಗೆ ನಿಂತು ಟೀ ಎಲ್ಲಿ ಎನ್ನುವಂತೆ ಸುತ್ತ ನೋಡುತ್ತಿದ್ದರು. ಸಂಜೆ ಐದಕ್ಕೆ ಕೈಗಡಿಯಾರ ನೋಡಿದವರೇ ಅರ್ಧ ಸಾಲಿನಲ್ಲಿ ಕುಡುಗೋಲು ಕೆಳಗಿಟ್ಟು ಕೈ ತೊಳೆಯಲು ಹೋದರು. ಆ ಹೊಲದ ಯಜಮಾನಿ, ನಮ್ಮ ಪಕ್ಕದ ಮನೆಯ ಅಕ್ಕ, ಸೊಂಟದ ಮೇಲೆ ಕೈಯಿಟ್ಟುಕೊಂಡು, "ಏನಪ್ಪಾ, ಸೂರ್ಯ ಇನ್ನೂ ಡ್ಯೂಟಿ ಮೇಲವ್ನೆ. ನೀನೆಲ್ಲಿಗೆ ಹೊಂಟೆ?" ಎಂದು ಕೇಳಿದರು. ಹೊಲವೆಲ್ಲ ನಕ್ಕಿತು. ಅಂದಿನಿಂದ ಅವರನ್ನು ಊರಲ್ಲಿ ಅರ್ಧ ಆಳೆಂದು ಲೆಕ್ಕ ಹಿಡಿದರು.

ಮರುವರ್ಷ ನಾನೊಂದು ಉಪಾಯ ಮಾಡಿದೆ. ಯಶವಂತಪುರದ ಹತ್ತಿರ ನಾವಿಬ್ಬರೂ ಬಾಡಿಗೆ ಮನೆ ನೋಡಿ ಬಂದಿದ್ದೆವು. ಊರವರ ಮುಯ್ಯಿ ಪೂರ್ತಿ ತೀರಿಸಿ, ನಮ್ಮ ಹೊಲಕ್ಕೆ ಯಾರನ್ನೂ ಕರೆಯದೆ ಕೊಯ್ಲು ಮುಗಿಸಿಬಿಟ್ಟರೆ ಯಾರ ಋಣವೂ ಇಲ್ಲದೆ ಹೊರಡಬಹುದು. ಕೊಯ್ಯಲು ಯಜಮಾನರ ಕಾರ್ಖಾನೆಯ ಗೆಳೆಯರು ಬರುತ್ತಾರೆ, ಅವರಿಗೆ ಕೋಳಿ ಸಾರು ಹಾಕಿದರಾಯಿತು. ಇದನ್ನು ಕೇಳಿ ಅತ್ತೆ ಜಗುಲಿಯ ಮೇಲೆ ಕುಕ್ಕರಿಸಿದರು. "ನೆರೆಹೊರೆ ಇದ್ದೂ ಯಾರನ್ನೂ ಕರೀದಂಗೆ ಕೊಯ್ಯೋದಾ? ನಾವೇನು ಊರಿಗೆ ಬೇಡವಾದೋರಾ?" ಎಂದವರು ಆಮೇಲೆ ನನ್ನ ಜೊತೆ ಮಾತೇ ಬಿಟ್ಟರು. ಕೋಳಿ ಸಾರಿಗೆ ಖಾರ ಅರೆಯುವಾಗಲೂ ಬೇಕಾದದ್ದನ್ನು ಕೋಳಿಯ ಹತ್ತಿರವೇ ಕೇಳುತ್ತಿದ್ದರು.

ಗೆಳೆಯರು ಮೊದಲ ಬಸ್ಸಿಗೇ ಇಳಿದರು. ಟೆರಿಲಿನ್ ಪ್ಯಾಂಟು, ಒಬ್ಬನ ಹೆಗಲಲ್ಲಿ ರೇಡಿಯೋ. "ನಾವೂ ರೈತರ ಮಕ್ಕಳೇ ಕಣಕ್ಕ, ನಮಗೇನ್ ಹೊಸದಾ?" ಎಂದು ಹೊಲಕ್ಕಿಳಿದರು. ಒಬ್ಬ ಕಾರ್ಖಾನೆಯ ಕೈಗವಸು ಹಾಕಿಕೊಂಡು ಕೊಯ್ಯಲು ಹೋದ, ರಾಗಿ ಕಡ್ಡಿ ಕೈಗೇ ಸಿಗಲಿಲ್ಲ. ಇನ್ನೊಬ್ಬ ಕುಡುಗೋಲಿಗೆ ಎಣ್ಣೆ ಕೇಳಿದ. ಕೈಯಲ್ಲಿ ಬೊಬ್ಬೆ ಎದ್ದವರು ಕೋಳಿ ಸಾರು ಬರುವವರೆಗೆ ತಡೆದುಕೊಂಡರು. ಉಂಡ ಮೇಲೆ ಹೊಂಗೆ ಮರದಡಿ ಒರಗಿ ರೇಡಿಯೋ ಹಾಕಿದರು. ಊರವರು ಬದುವಿನ ಮೇಲೆ ನಿಂತು ನೋಡಿಕೊಂಡು ಹೋಗುತ್ತಿದ್ದರು. ಒಬ್ಬರಾದರೂ ಗೇಲಿ ಮಾಡಲಿಲ್ಲ. ನನಗೆ ಅದೇ ಹೆಚ್ಚು ಚುಚ್ಚಿತು.

ಹೊತ್ತು ಇಳಿಯುವಾಗ ಮೂಡಣ ದಿಕ್ಕಿನಲ್ಲಿ ಮೋಡ ಕಟ್ಟಿತು. ಅರ್ಧ ಹೊಲ ಕೊಯ್ದು ನೆಲದ ಮೇಲೆ ಹರಡಿತ್ತು. ನೆನೆದರೆ ತೆನೆ ಅಲ್ಲೇ ಮೊಳೆಯುತ್ತದೆ, ಮನೆಗೆ ವರ್ಷದ ಹಿಟ್ಟಿಲ್ಲ. ಗೆಳೆಯರು ಮೋಡ ನೋಡಿದರು, ಗಡಿಯಾರ ನೋಡಿದರು. ಬಸ್ಸು ತಪ್ಪಿದರೆ ರಾತ್ರಿ ಪಾಳಿ ತಪ್ಪುತ್ತದೆ ಎಂದು ಹೊರಟೇಬಿಟ್ಟರು. ಯಜಮಾನರು ಹೊಲದ ನಡುವೆ ಬೆಪ್ಪಾಗಿ ನಿಂತರು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಅಷ್ಟು ದಿನದ ಮೇಲೆ ಮಾತಾಡಿದರು: "ಯಾವ ಮುಖ ಇಟ್ಕೊಂಡು ಕರೀಲಿ?"

ಕರೆಯಬೇಕಾಗಲಿಲ್ಲ. ಪಕ್ಕದ ಮನೆಯ ಅಕ್ಕ ಸೆರಗು ಬಿಗಿದುಕೊಂಡು ಬದು ಇಳಿದರು, ಹಿಂದೆಯೇ ಬೀದಿಯವರೆಲ್ಲ. ಕೆಲವರು ಕೊಯ್ದದ್ದನ್ನು ಕಟ್ಟಿದರು, ಕೆಲವರು ನಿಂತದ್ದನ್ನು ಕೊಯ್ದರು, ಗಂಡಸರು ಹೊರೆ ಹೊತ್ತು ಮೆದೆ ಒಟ್ಟಿದರು. ಯಜಮಾನರು ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು ಹೊರೆ ಹೊತ್ತರು. ಮೆದೆಗೆ ಹುಲ್ಲು ಹೊದಿಸಿದ ಮೇಲೆ ಮಳೆ ನಾಲ್ಕು ಹನಿ ಉದುರಿಸಿ ಹೊರಟುಹೋಯಿತು. ಕೋಳಿ ಸಾರು ತಳ ಕಂಡಿತ್ತು. ಬಂದವರು ಬರೀ ನೀರು ಕುಡಿದರು.

ಅಕ್ಕ ಹೊರಡುವಾಗ ಹಿಂದೆ ಓಡಿಹೋಗಿ, "ಅಕ್ಕ, ನಿಮ್ದಿನ್ನೊಂದು ಹೊಲ ಕೊಯ್ಯೋದಿದೆಯಲ್ಲ, ಯಾವತ್ತು? ಬರ್ತೀನಿ," ಎಂದೆ.

"ನೀನ್ಯಾಕವ್ವ ಬರ್ತೀಯ? ಊರು ಬಿಟ್ಟು ಹೋಗೋಳು. ಇವತ್ತು ಬಂದಿದ್ದು ಮುಯ್ಯಿಗಲ್ಲ, ಸುಮ್ಕೆ ಬಂದ್ವಿ. ತೀರಿಸೋದೇನೂ ಇಲ್ಲ, ಹೋಗಿ ಸುಖವಾಗಿರು," ಎಂದರು. ಕೊಂಕಿರಲಿಲ್ಲ. ಪ್ರೀತಿಯಿಂದಲೇ ಹೇಳಿದರು.

ನಾನು ಹಂಬಲಿಸಿದ್ದು ಅದೇ ಮಾತಿಗೆ. ಬಂದಾಗ ಕಪಾಳಕ್ಕೆ ಹೊಡೆದಂತಾಯಿತು. ನಮ್ಮ ಕಡೆ ಮುಯ್ಯಿ ಕೇಳದೆ ದುಡಿಯುವುದು ದಿಕ್ಕಿಲ್ಲದವರ ಹೊಲದಲ್ಲಿ, ಇಲ್ಲವೇ ಬೇರೆ ಊರಿನ ನೆಂಟರ ಹೊಲದಲ್ಲಿ. ಎರಡೂ ನಾನಾಗಿರಲಿಲ್ಲ, ಆಗಲು ಇಷ್ಟವೂ ಇರಲಿಲ್ಲ. ಸಿಟ್ಟು ನೆತ್ತಿಗೇರಿತು. "ನಾನೇನು ನಿಮ್ಮತ್ರ ಭಿಕ್ಷೆ ಕೇಳಿದ್ನಾ? ಬರ್ತೀನಿ ಅಂದ್ರೆ ಬರ್ತೀನಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. ಅಕ್ಕ ಮನೆಯೊಳಗೆ ಹೋದರು.

ಮುಂದಿನ ವಾರವೇ ನಾವಿಬ್ಬರೂ ಪಾತ್ರೆ ಪಡಗ ಕಟ್ಟಿಕೊಂಡು ಯಶವಂತಪುರಕ್ಕೆ ಹೋದೆವು, ಅತ್ತೆ ಊರಲ್ಲೇ ಉಳಿದರು. ನಲ್ಲಿ ತಿರುಗಿಸಿದರೆ ನೀರು ಬರುತ್ತಿತ್ತು, ನೋಡಿ ಹೋಗಲು ಅಪ್ಪನೂ ಬಂದಿದ್ದ. ಅಕ್ಕನ ಹೊಲದ ಕೊಯ್ಲು ಇಂಥ ದಿನ ಎಂದು ಯಾರೂ ಹೇಳಿಕಳಿಸಲಿಲ್ಲ. ಊರಿನಿಂದ ಬಂದ ಹಾಲಿನವನ ಬಾಯಲ್ಲಿ ಗೊತ್ತಾಯಿತು. ಆ ಬೆಳಿಗ್ಗೆ ಬಸ್ಸು ಹಿಡಿದು ಇಳಿದು, ಗದ್ದಲದ ಹೆದ್ದಾರಿ ದಾಟಿ, ಹೊಲ ಮುಟ್ಟುವಾಗ ಬಿಸಿಲು ಏರಿತ್ತು. ಎಲ್ಲರೂ ಕೊಯ್ಯುತ್ತಾ ಹೊಲದ ಅರ್ಧಕ್ಕೆ ಹೋಗಿದ್ದರು. ಅಕ್ಕನ ಸಾಲಿಗೂ ನಮ್ಮ ಅತ್ತೆಯ ಸಾಲಿಗೂ ನಡುವೆ ಒಬ್ಬರು ಕೊಯ್ಯುವಷ್ಟು ಅಗಲದ ರಾಗಿ, ಹೊಲದ ಈ ತುದಿಯಿಂದ ಹಾಗೇ ನಿಂತಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ.

"ಎಷ್ಟೊತ್ತೇ ಬರೋದು?" ಎಂದು ಅಕ್ಕ ತಲೆ ಎತ್ತದೆಯೇ ಗದರಿದರು.