ಭಾವ ಒತ್ತಿ ಹೇಳಿದ ಪಾಸ್‌ವರ್ಡ್

ಶಿರಸಿಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಯಾವುದಕ್ಕೂ "ಎಂತಕ್ಕೆ ಆಗ್ತಿಲ್ಲೆ?" ಎಂದೇ ಕೇಳುತ್ತಿದ್ದಳು. ಇಂಟರ್ನೆಟ್ ಬ್ಯಾಂಕಿಂಗ್ ಹೊಸದಾಗಿ ಬಂದ ಕಾಲ. ಪಾರ್ಶ್ವವಾಯು ಬಡಿದು ಅವಳ ಗಂಡನ ಮಾತು ನಿಂತಾಗ, ಬ್ಯಾಂಕಿನ ಪಾಸ್‌ವರ್ಡ್, ಕಾರ್ಡಿನ ಪಿನ್ ಎಲ್ಲವೂ ಅವರ ತಲೆಯಲ್ಲೇ ಉಳಿದವು.

"ಅಕ್ಕಾ, ಬ್ಯಾಂಕಿನವರನ್ನೇ ಕೇಳವು," ಎಂದು ಸಲಹೆ ಕೊಟ್ಟೆ.

"ಎಂತಕ್ಕೆ? ಇವ್ರಿಗೆ ನೆನಪಿದ್ದು."

ಮಂಚದ ಪಕ್ಕ ಕುಳಿತು ಒಂದೊಂದೇ ಅಕ್ಷರ, ಅಂಕಿ ಹೇಳುತ್ತ ಹೋದಳು. ಸರಿಯಾದದ್ದು ಬಂದಾಗ ಭಾವ ಅವಳ ಬೆರಳು ಒತ್ತುತ್ತಿದ್ದರು. ನನ್ನಿಂದ ಕಂಪ್ಯೂಟರಿಗೆ, ಎಲ್ಲ ಪಾಸ್‌ವರ್ಡ್‌ಗಳನ್ನು ಒಂದೇ ಕಡೆ ಭದ್ರವಾಗಿಡುವ ಪಾಸ್‌ವರ್ಡ್ ಮ್ಯಾನೇಜರ್ ಹಾಕಿಸಿಕೊಂಡು, ಸಿಕ್ಕಿದ್ದನ್ನೆಲ್ಲ ತಾನೇ ಟೈಪ್ ಮಾಡಿ ಅದರಲ್ಲಿ ಜೋಡಿಸಿದಳು.

ಅದನ್ನು ತೆರೆಯುವ ಮುಖ್ಯ ಪಾಸ್‌ವರ್ಡ್ ಮಾತ್ರ ಹೊಸದು ಬೇಕಿತ್ತು. "ಅದನ್ನೂ ಇವ್ರೇ ಹೇಳವು. ನೀನು ಹೊರಗೆ ಹೋಗು," ಎಂದಳು.

ಬಾಗಿಲಾಚೆ ನಿಂತೆ. ಸ್ವಲ್ಪ ಹೊತ್ತಿಗೆ ಅಕ್ಕ ಜೋರಾಗಿ ನಕ್ಕಳು. ಕಾಯಿಲೆ ಬಿದ್ದ ಮೇಲೆ ಮೊದಲ ಬಾರಿಗೆ, ಭಾವನ ನಗುವೂ ಕೇಳಿಸಿತು.